ಎಲೆ ಎಣಿಸುವವನ ಎಲೆ

ಬರುವ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ನಿಮಗೆ ಹಸಿವಾಗುತ್ತದೆಯೇ ಎಂದು ಯಾರಾದರೂ ಇವತ್ತೇ ಕೇಳಿದರೆ ನೀವು ಏನು ಹೇಳುತ್ತೀರೋ ನನಗೆ ಗೊತ್ತಿಲ್ಲ. ನಾನಾದರೆ ಕೇಳಿದವರ ಮುಖವನ್ನೊಮ್ಮೆ ನೋಡಿ, ಪಾಪ, ಇವರ ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಯೋಚಿಸುತ್ತೇನೆ. ನಮ್ಮ ಕಡೆ ಹಸಿವು ನೆಂಟರಿದ್ದ ಹಾಗೆ. ಹೇಳದೆ ಬರುತ್ತದೆ, ಬಂದಾಗ ಮನೆಯಲ್ಲಿ ಇದ್ದುದನ್ನು ಬಡಿಸಿ ಸಮಾಧಾನ ಮಾಡಬೇಕು. ಹಾಗೆ ನೋಡಿದರೆ ಮುಂಗಡದ ವ್ಯವಹಾರ ನನಗೆ ಹೊಸದಲ್ಲ. ನಾನು ಬಳ್ಳಾರಿಯ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡುವವನು. ಯಾವ ತೂಬಿಗೆ ಯಾವ ವಾರ ನೀರು ಎಂದು ಮೊದಲೇ ಗೊತ್ತುಮಾಡಿಡುವುದು ನಮ್ಮ ಕೆಲಸ. ಆ ವಾರ ಗದ್ದೆಗೆ ಬಾಯಾರಿಕೆ ಇದೆಯೋ ಇಲ್ಲವೋ ಎನ್ನುವುದು ಗದ್ದೆಯ ಹಣೆಬರಹ. ಇಷ್ಟು ವರ್ಷ ಇದರಲ್ಲಿ ಪಳಗಿದವನಿಗೆ ಆರು ಜನರ ಒಂದು ಹೊತ್ತಿನ ಊಟವನ್ನು ಮೊದಲೇ ಕಾಯ್ದಿರಿಸುವುದು ಯಾವ ಘನಂದಾರಿ ಕೆಲಸ ಎಂದುಕೊಂಡೆ. ನೀರಿಗೆ ಒಪ್ಪುವ ನ್ಯಾಯ ಅನ್ನಕ್ಕೆ ಒಪ್ಪುವುದಿಲ್ಲ ಎಂದು ಆಗ ತಿಳಿದಿರಲಿಲ್ಲ.

ಪ್ರವಾಸ ಹುಟ್ಟಿದ್ದು ನನ್ನ ಹೆಂಡತಿ ಶಶಿಕಲಾಳ ತಲೆಯಲ್ಲಿ. ಹೊರಗಿನವರಿಗೆ ಹೇಳುವ ಕಾರಣ, ಮಗಳು ಚೈತ್ರಾಳ ಪರೀಕ್ಷೆ ಮುಗಿಯಿತು, ಬೆಂಗಳೂರಿನ ಆಚೆ ಇರುವ ಒಂದು ಥೀಮ್ ಪಾರ್ಕಿಗೆ ಹೋಗಿ ನೀರಿನಲ್ಲಿ ಜಾರಿ, ತೊಟ್ಟಿಲಲ್ಲಿ ತಿರುಗಿ ಬರೋಣ ಎಂದು. ಒಳಗಿನ ಕಾರಣ ಬೇರೆ. ಶಶಿಕಲಾಳ ಅಣ್ಣ, ಅಂದರೆ ನನ್ನ ಭಾವ ವಿರೂಪಾಕ್ಷಪ್ಪ, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟವರು. ನಾವು ಪಾರ್ವತಿನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ನಾನು ಹೊಸ ಕಾಲಕ್ಕೆ ತಕ್ಕಂತೆ ಬುಫೆ ಇರಿಸಿದ್ದೆ. ಭಾವ ತಟ್ಟೆ ಹಿಡಿದು ನಿಂತರು. ಯಾರಾದರೂ ಬಂದು, ಇಲ್ಲಿ ಕುಂದರ್ರಿ, ಇಷ್ಟು ಹಾಕಿಸಿಕೊಳ್ರಿ ಎಂದಾರೆಂದು ಕಾದರು. ಯಾರೂ ಅನ್ನಲಿಲ್ಲ, ಏಕೆಂದರೆ ಬುಫೆಯ ಅರ್ಥವೇ ಯಾರೂ ಏನೂ ಅನ್ನುವುದಿಲ್ಲ ಎಂಬುದು. ಅವರು ಒಣ ತಟ್ಟೆಯನ್ನು ಮೇಜಿನ ಮೇಲಿಟ್ಟು, ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿಯಲ್ಲಿ ಉಂಡು ಸಿರುಗುಪ್ಪದ ಬಸ್ಸು ಹತ್ತಿದರು. ಜಗಳವಿಲ್ಲ, ಮಾತುಬಿಟ್ಟಿಲ್ಲ. ಆಮೇಲೂ ಮನೆಗೆ ಬರುತ್ತಾರೆ, ನಗುತ್ತಾರೆ, ಚಹಾ ಕುಡಿಯುತ್ತಾರೆ. ಎಲೆ ಹಾಕುವ ಸೂಚನೆ ಕಂಡಕೂಡಲೇ ಗಿರಣಿಯಲ್ಲಿ ಏನೋ ಕೆಟ್ಟಿರುವುದು ಅವರಿಗೆ ನೆನಪಾಗುತ್ತದೆ. ಇದು ಶಶಿಕಲಾಳನ್ನು ಒಳಗೊಳಗೇ ತಿನ್ನುತ್ತಿತ್ತು. "ತವರಿನವ್ರು ನನ್ನ ಮುಂದ ಕುಂತು ಒಂದು ತುತ್ತು ಉಣಲಿಲ್ಲಂದ್ರ ಈ ಮನಿ ಕಟ್ಟಿ ಏನು ಬಂತ್ರಿ" ಎಂದು ಅವಳು ಒಮ್ಮೆ ರೊಟ್ಟಿ ಬಡಿಯುತ್ತಲೇ ಅತ್ತಿದ್ದಳು. ಥೀಮ್ ಪಾರ್ಕು ನಮ್ಮ ಮನೆಯಲ್ಲ, ಹಾಗಾಗಿ ಅಣ್ಣನ ಮುನಿಸಿನ ಸರಹದ್ದಿಗೆ ಅದು ಬರುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಸಂಬಂಧದಲ್ಲಿ ಸೊಸೆಯಾಗಬೇಕಾದ ಹುಡುಗಿ ಕರೆದರೆ ಅಣ್ಣ ಇಲ್ಲ ಅನ್ನಲಾರ ಎಂದು ಚೈತ್ರಾಳ ಬಾಯಿಂದಲೇ ಕರೆಸಿದಳು. ಭಾವ ಒಪ್ಪಿದರು. ಅವರ ಹೆಂಡತಿ ನಾಗರತ್ನಕ್ಕನೂ ಬರುವುದೆಂದಾಯಿತು. ಕುರುಗೋಡಿನಲ್ಲಿರುವ ನನ್ನ ದೊಡ್ಡಮ್ಮನಿಗೆ ಸುದ್ದಿ ಹೇಗೋ ಮುಟ್ಟಿ, ಆಕೆ ಯಾರೂ ಕರೆಯುವ ಮೊದಲೇ ಚೀಲ ತುಂಬಿಕೊಂಡಳು.

ಪಾರ್ಕಿನವರ ಆ್ಯಪು ಚೈತ್ರಾಳ ಮೊಬೈಲಿನಲ್ಲಿತ್ತು. ರಜೆಯ ದಿನ ಒಳಗಿನ ಹೋಟೆಲು ಕಿಕ್ಕಿರಿಯುತ್ತದೆ, ಮೊದಲೇ ಬುಕ್ ಮಾಡದವರಿಗೆ ಊಟವಿಲ್ಲ, ಹೊರಗಿನ ತಿನಿಸನ್ನು ಒಳಗೆ ಬಿಡುವುದಿಲ್ಲ ಎಂದು ಅದು ಮೂರು ಬಣ್ಣದ ಅಕ್ಷರಗಳಲ್ಲಿ ಹೆದರಿಸುತ್ತಿತ್ತು. ಊಟ ಅಲ್ಲೂ ಬುಫೆಯೇ. ಎಷ್ಟು ಜನ, ಎಷ್ಟು ಹೊತ್ತಿಗೆ, ಯಾವ ಬಗೆಯ ಊಟ ಎಂದೆಲ್ಲ ಹೇಳಬೇಕು. ಬುಕ್ಕಾದ ಮೇಲೆ ಸಂಖ್ಯೆ ಬದಲಾಗದು. ನಾನು ಕಚೇರಿಯ ಗತ್ತಿನಲ್ಲಿ ಎಲ್ಲರಿಗೂ ಫೋನು ಹಚ್ಚಿದೆ. ಮೊದಲು ಭಾವನಿಗೇ. "ಭಾವಾರ, ಊಟ ಬೇಕೋ ಬ್ಯಾಡೋ, ಒಂದ ಮಾತಿನಾಗ ಹೇಳಿಬಿಡ್ರಿ. ನನಗ ಎರಡನೇ ಸಲ ಕೇಳೂದೂ ಸೇರೂದಿಲ್ಲ, ಕೇಳಿಸಿಕೊಳ್ಳೂದೂ ಸೇರೂದಿಲ್ಲ" ಎಂದೆ. ಈ ಮಾತನ್ನು ನಾನು ಸಾಕಷ್ಟು ಜೋರಾಗಿ, ಸ್ವಲ್ಪ ಹೆಮ್ಮೆಯಿಂದಲೇ ಆಡಿದೆ. ಭಾವ, "ನಮಗ್ಯಾಕ್ರಿ ಅಳಿಯಾರ ಊಟ? ಬ್ಯಾಡೇ ಬ್ಯಾಡ. ಎರಡು ರೊಟ್ಟಿ ಕಟ್ಟಿಗೊಂಡು ಬರ್ತೀವಿ" ಎಂದರು. ದೊಡ್ಡಮ್ಮ, "ಲೇ ಪಂಪಾ, ನನಗ ಈಗೀಗ ಹಸಿವ ಆಗೂದಿಲ್ಲ, ನನ್ನ ಲೆಕ್ಕ ಹಿಡೀಬ್ಯಾಡ" ಎಂದಳು. ಆ್ಯಪಿನಲ್ಲಿ ಹಾಗೆಯೇ ಹಾಕಿಬಿಡು ಎಂದು ಮಗಳಿಗೆ ಹೇಳುತ್ತಿದ್ದೆ, ಅಷ್ಟರಲ್ಲಿ ಶಶಿಕಲಾ ಸೌಟು ಹಿಡಿದೇ ಹೊರಗೆ ಬಂದಳು.

"ಒಂದ ಸಲಕ್ಕ ಹೂಂ ಅನ್ನಾಕ ಅವರೇನು ಮಾನಗೆಟ್ಟವರೇನ್ರಿ? ಮತ್ತ ಹಚ್ರಿ ಫೋನು" ಎಂದಳು.

ನಮ್ಮ ಕಡೆಯ ಶಾಸ್ತ್ರ ನನಗೆ ಗೊತ್ತಿಲ್ಲದ್ದೇನಲ್ಲ. ಮೊದಲ ಸಲದ 'ಬ್ಯಾಡ' ಎಂದರೆ ನೀವು ಕೇಳಿದ್ದು ಕಿವಿಗೆ ಬಿತ್ತು ಎಂದು. ಎರಡನೆಯದು, ನೀವು ಬಾಯಿಮಾತಿಗೆ ಕೇಳುತ್ತೀರೋ ಮನಸ್ಸಿನಿಂದಲೋ ನೋಡೋಣ ಎಂದು. ಮೂರನೆಯ ಸಲ ಕೇಳಿದಾಗ, ನಿಮ್ಮ ಮನಸ್ಸಿಗೆ ಬೇಸರವಾಗಬಾರದೆಂದು ಅವರು ಒಪ್ಪಿಕೊಳ್ಳುತ್ತಾರೆ. ಉಣ್ಣುವವರು ಹೀಗೆ ಬಡಿಸುವವರಿಗೆ ಉಪಕಾರ ಮಾಡಿದಂತಾಗುತ್ತದೆ, ಎಲ್ಲರ ಮಾನವೂ ಉಳಿಯುತ್ತದೆ. ಇದನ್ನೆಲ್ಲ ನಾನು ಹಳೆಯ ಕಾಲದ ಹೊತ್ತುಗೆಡುಕ ಪದ್ಧತಿ ಎಂದು ಸ್ನೇಹಿತರೆದುರು ನಕ್ಕವನು. ಆ್ಯಪಿನ ಬಗ್ಗೆ ನನಗೆ ಗೌರವ ಹುಟ್ಟಿದ್ದೇ ಅದು ಒಂದೇ ಸಲ ಕೇಳುತ್ತದೆ ಎಂಬ ಕಾರಣಕ್ಕೆ. ಆದರೂ ಹೆಂಡತಿಯ ಕೈಯಲ್ಲಿ ಸೌಟಿತ್ತು. ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಫೋನು ಮಾಡಿದೆ. ಮೂರನೆಯ ಸಲಕ್ಕೆ ಭಾವ, "ನೀವು ಇಷ್ಟು ಹೇಳಾಕತ್ತೀರಿ ಅಂದಮ್ಯಾಲ ಬ್ಯಾಡ ಅಂದ್ರ ಚಂದ ಕಾಣಂಗಿಲ್ಲ" ಎಂದರು. ಹಸಿವೇ ಆಗದ ದೊಡ್ಡಮ್ಮ, ಅಲ್ಲಿ ಏನೇನು ಮಾಡುತ್ತಾರೆ ಎಂದು ವಿಚಾರಿಸಿದಳು. ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಕಾಂಟಿನೆಂಟಲ್ ಎಂದು ಚೈತ್ರಾ ಓದಿ ಹೇಳಿದಳು. "ಅದರಾಗ ಕುರುಗೋಡು ಯಾವುದರಾಗ ಬರತೈತಿ?" ಎಂದು ದೊಡ್ಡಮ್ಮ ಕೇಳಿದಳು. ಸೌತ್ ಇಂಡಿಯನ್ ಎಂದು ನಾನೇ ತೀರ್ಮಾನ ಕೊಟ್ಟೆ.

ಇನ್ನು ಉಳಿದದ್ದು ಸಂಖ್ಯೆ. ಇಲ್ಲಿ ನನ್ನ ಪೂರ್ವಾಶ್ರಮದ ವಿಷಯ ಸ್ವಲ್ಪ ಹೇಳಬೇಕು. ಸತ್ಯನಾರಾಯಣಪೇಟೆಯ ನಮ್ಮ ಹಳೆಯ ಮನೆಯಲ್ಲಿ ಹಬ್ಬ ಹುಣ್ಣಿಮೆಗಳಲ್ಲಿ ಎಲೆ ಹಾಕುವ ಕೆಲಸ ಹಿರಿಯ ಮಗನಾದ ನನ್ನದು. ಪಡಸಾಲೆಯಲ್ಲಿ ನಿಂತು ತಲೆ ಎಣಿಸಿ ಅಷ್ಟೇ ಎಲೆ ಹಾಸಬೇಕು. ಎಣಿಸಿದವನು, ಬಡಿಸಿದವನು ಕೊನೆಯಲ್ಲಿ ಅಡುಗೆಮನೆಯಲ್ಲೇ ಕೂತು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುವವನು. ಅವನಿಗೆ ಪಂಕ್ತಿಯಲ್ಲಿ ಎಲೆ ಹಾಕುವ ಪದ್ಧತಿಯಿಲ್ಲ. ಒಮ್ಮೆ ನನ್ನನ್ನೂ ಸೇರಿಸಿ ಎಣಿಸಿದ್ದಕ್ಕೆ ಅಪ್ಪ ಎಲ್ಲರ ಮುಂದೆ, "ಬಡಸವ್ನಿಗ್ಯಾಕ ಎಲಿ?" ಎಂದಿದ್ದರು. ಆವತ್ತಿನಿಂದ ನಾನು ಎಲ್ಲಿ ತಲೆ ಎಣಿಸಿದರೂ ಅದರಲ್ಲಿ ನನ್ನದು ಬರುವುದಿಲ್ಲ. ಮಗಳು ಮೊಬೈಲು ಹಿಡಿದು ಎಷ್ಟು ಜನ ಎಂದಾಗ ನಾನು ಬೆರಳು ಮಡಿಚುತ್ತ, ಭಾವ, ಅಕ್ಕ, ದೊಡ್ಡಮ್ಮ, ನಿಮ್ಮಮ್ಮ, ನೀನು, ಐದು ಎಂದೆ. ಅವಳು ಐದು ಎಂದು ಒತ್ತಿದಳು. ಕಾಲುವೆ ಕಚೇರಿಯಲ್ಲಿ ಒಂದು ಸಹಿ ಹಾಕಿದಷ್ಟು ಸಮಾಧಾನ ನನಗಾಯಿತು.

ಹಿಂದಿನ ದಿನವೇ ದೊಡ್ಡದೊಂದು ಬಾಡಿಗೆ ಕಾರಿನಲ್ಲಿ ಹೊರಟು ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ಪಾರ್ಕಿಗೆ ಹೋದೆವು. ಮಧ್ಯಾಹ್ನ ಬುಫೆ ಇದೆಯಲ್ಲ ಎಂದು ನಾನು ತಿಂಡಿಯನ್ನು ಒಂದೇ ಇಡ್ಲಿಗೆ ಮುಗಿಸಿದ್ದೆ. ಹೊಟ್ಟೆಯನ್ನೂ ಮುಂಗಡವಾಗಿ ಕಾಯ್ದಿರಿಸಬೇಕು ಎಂಬುದು ನನ್ನ ಯೋಜನೆ. ಬೇಡವೆಂದರೂ ನಾಗರತ್ನಕ್ಕ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಪುಡಿ, ಬದನೆಕಾಯಿ ಪಲ್ಯದ ಗಂಟನ್ನು ಬಾಗಿಲಲ್ಲಿ ಕಾವಲುಗಾರರು ತಡೆದರು. ಅದು ಕಾರಿಗೆ ಮರಳಿತು. ಒಳಗೆ ದೊಡ್ಡಮ್ಮ ತಿರುಗುವ ತೊಟ್ಟಿಲಲ್ಲಿ ಎರಡು ಸಲ ಕೂತಳು, ಭಾವ ಒಂದು ಕಲ್ಲುಬೆಂಚಿನ ಮೇಲೆ ಕೂತು ನೀರು ಪೋಲಾಗುವುದನ್ನು ನೋಡಿ, ಇದನ್ನು ಸಿರುಗುಪ್ಪದ ಕಡೆ ಬಿಟ್ಟಿದ್ದರೆ ಎಷ್ಟು ಎಕರೆ ಭತ್ತ ಆಗುತ್ತಿತ್ತು ಎಂದು ನನ್ನನ್ನು ಕೇಳಿದರು. ನಾನು ಇಲಾಖೆಯ ಪರವಾಗಿ ಎದ್ದು, ದೊಡ್ಡಮ್ಮನನ್ನು ತೊಟ್ಟಿಲಿನಿಂದ ಇಳಿಸಲು ಹೋದೆ.

ಊಟದ ಹಾಲಿನ ಬಾಗಿಲಲ್ಲಿ ಒಬ್ಬ ಹುಡುಗಿ ನಗುತ್ತ ಒಬ್ಬೊಬ್ಬರ ಮುಂಗೈಗೂ ಹಳದಿ ಕಾಗದದ ಪಟ್ಟಿ ಕಟ್ಟುತ್ತಿದ್ದಳು, ಮದುವೆಯ ಕಂಕಣದ ಹಾಗೆ. ಐದು ಕಟ್ಟಿ ನಿಲ್ಲಿಸಿದಳು. ನಾನು ಕೈ ಚಾಚಿಕೊಂಡೇ ಇದ್ದೆ. "ಐದೇ ಜನಕ್ಕೆ ಸರ್ ಬುಕಿಂಗ್ ಇರೋದು. ಇವತ್ತು ಪೂರ್ತಿ ಫುಲ್. ನೀವು ಒಳಗೆ ಬಂದು ಅವರ ಜೊತೆ ಕೂತ್ಕೊಬಹುದು, ಪ್ಲೇಟ್ ಮಾತ್ರ ಕೊಡೋಕಾಗಲ್ಲ" ಎಂದಳು. ಭಾವ ಮುಂದೆ ಹೋಗಿದ್ದರು, ಅವರಿಗೆ ಇದು ಕೇಳಿಸಲಿಲ್ಲ. ಶಶಿಕಲಾಳಿಗೆ ಕೇಳಿಸಿತು. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಅಣ್ಣನ ಮೇಲೆ ಬಿತ್ತು. ಭಾವ ಒಣ ತಟ್ಟೆ ಹಿಡಿದು ಹಾಲಿನ ನಡುವೆ ನಿಂತಿದ್ದರು. ಜನ ಅವರ ಎಡಬಲಕ್ಕೆ ಹರಿಯುತ್ತಿದ್ದರು. ಗೃಹಪ್ರವೇಶದ ದಿನ ನಿಂತಂತೆಯೇ ನಿಂತಿದ್ದರು. ಆ ತಟ್ಟೆಯನ್ನು ಇಡಲು ಅವರು ಮೇಜು ಹುಡುಕುತ್ತಿದ್ದದ್ದು ನನಗೂ ಕಂಡಿತು.

ಆಮೇಲೆ ನಾನು ಮಾಡಿದ್ದನ್ನು ಜಾಣತನ ಎಂದು ಕರೆಯಬೇಡಿ. ತಟ್ಟೆಯಿಲ್ಲದ ಮನುಷ್ಯ ಊಟದ ಹಾಲಿನಲ್ಲಿ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಏನಾದರೂ ಮಾಡುತ್ತಾನೆ. ನಾನು ಹೋಗಿ ಭಾವನ ಕೈಯಿಂದ ತಟ್ಟೆ ತೆಗೆದುಕೊಂಡು, "ನೀವು ಕುಂದರ್ರಿ ಭಾವಾರ, ನಾ ತರ್ತೀನಿ" ಎಂದೆ. ದೊಡ್ಡಮ್ಮನ ತಟ್ಟೆಯನ್ನೂ ತೆಗೆದುಕೊಂಡೆ. ಸಾಲಿನಲ್ಲಿ ನಿಂತು ತುಂಬಿಸಿ ತಂದೆ. ಮತ್ತೆ ಹೋಗಿ ಪಲ್ಯದ ಬಟ್ಟಲು, ಹೋಳಿಗೆಯ ತಟ್ಟೆ ತಂದೆ. ಹಾಗೆ ಓಡಾಡುತ್ತಿದ್ದಂತೆ ಸತ್ಯನಾರಾಯಣಪೇಟೆಯ ಪಡಸಾಲೆ ನನ್ನ ಕಾಲಿಗೆ ಬಂದುಬಿಟ್ಟಿತು. ಸೊಂಟ ತಾನಾಗಿ ಬಗ್ಗಿತು. "ಇನ್ನೊಂದು ಹೋಳಿಗಿ, ಭಾವಾರ" ಎಂದೆ. ಅವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು. "ಅರ್ಧರೆ ಹಾಕಿಸಿಕೊಳ್ರಿ" ಎಂದೆ. ಕೈ ಅಲ್ಲೇ ಇತ್ತು. "ನನ್ನ ಸಲುವಾಗಿ" ಎಂದೆ. ಕೈ ಸರಿಯಿತು. ನಾನು ಇಡೀ ಹೋಳಿಗೆಯನ್ನೇ ಹಾಕಿದೆ. ಪಕ್ಕದ ಮೇಜಿನವರು ನನ್ನನ್ನು ಹೋಟೆಲಿನವನೆಂದು ತಿಳಿದು ನೀರು ಕೇಳಿದರು. ಅದನ್ನೂ ಕೊಟ್ಟೆ.

ಭಾವ ಉಂಡರು. ಅನ್ನವನ್ನು ಎರಡು ಸಲ ಹಾಕಿಸಿಕೊಂಡು, ಮಜ್ಜಿಗೆ ಕುಡಿದು, ಸದ್ದು ಮಾಡಿ ತೇಗಿದರು. ಶಶಿಕಲಾ ತನ್ನ ತಟ್ಟೆಯಲ್ಲಿದ್ದುದನ್ನು ಮುಟ್ಟದೆ ಅಣ್ಣನ ಬಾಯನ್ನೇ ನೋಡುತ್ತಿದ್ದಳು. ಕಣ್ಣು ಒರೆಸಿಕೊಂಡು, ಉಪ್ಪಿನಕಾಯಿ ಖಾರ ಐತಿ ಎಂದಳು. ಅವಳು ಉಪ್ಪಿನಕಾಯಿ ಹಾಕಿಸಿಕೊಂಡಿರಲಿಲ್ಲ. ನಾನೂ ಕಣ್ಣು ಒರೆಸಿಕೊಂಡೆ. ನನ್ನ ಕಣ್ಣೀರಿನಲ್ಲಿ ಹಸಿವಿನ ಪಾಲೂ ಇತ್ತು. "ಅಳಿಯಾರ, ನೀವೂ ಕುಂದರ್ರಲ್ಲ" ಎಂದರು ಭಾವ. "ನನ್ನದೇನೈತ್ರಿ, ಆಮ್ಯಾಲ ಉಣ್ತೀನಿ" ಎಂದೆ. ಅವರು ಒತ್ತಾಯ ಮಾಡಲಿಲ್ಲ. ಕೈ ತೊಳೆದು ಬಂದು ತಂಗಿಯ ತಲೆಯ ಮೇಲೆ ಕೈಯಿಟ್ಟು, "ನಿನ್ನ ಗಂಡಗ ರೀತಿ ಗೊತ್ತೈತವ್ವ. ತಾನು ತಟ್ಟಿ ಹಿಡೀಲಾರದ ನಿಂತು ಬಡಿಸಿದ. ಯುಗಾದಿಗೆ ನಿಮ್ಮ ಮನ್ಯಾಗ ಉಣ್ಣಾಕ ಬರ್ತೀನಿ, ಎಲಿ ಹಾಕು" ಎಂದರು. ಅಷ್ಟರಲ್ಲಿ ನಮ್ಮ ಹೊತ್ತು ಮುಗಿಯಿತೆಂದು ಹೋಟೆಲಿನವರು ಮೇಜು ಒರೆಸತೊಡಗಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನದು ಕೈಗೆ ಹತ್ತಾರು ಸಲ ಬಂದು ಹೋಗಿತ್ತು. ನಿಜ ಹೇಳಿದರೆ ಭಾವನ ಹೊಟ್ಟೆಯಲ್ಲಿದ್ದ ಹೋಳಿಗೆ ಮತ್ತೆ ಮುನಿಸಿಕೊಂಡೀತೆಂದು ನಾನೂ ಶಶಿಕಲಾಳೂ ನನಗೆ ತಟ್ಟೆ ಸಿಗದ ವಿಷಯ ಬಾಯಿ ಬಿಡಲಿಲ್ಲ. ಹೊರಗಿನ ಅಂಗಡಿಯಲ್ಲಿ ಐಸ್‌ಕ್ರೀಮು ಬಿಟ್ಟರೆ ಬೇರೇನೂ ಇರಲಿಲ್ಲ. ಹಲ್ಲುನೋವಿನವನಾದ ನನಗೆ ಅದೂ ಇಲ್ಲವಾಯಿತು.

ಸಂಜೆ ಕಾರು ಬಳ್ಳಾರಿಯ ಕಡೆ ತಿರುಗಿತು. ನಾಗರತ್ನಕ್ಕ ಹಿಂದಿನ ಸೀಟಿನಲ್ಲಿ ರೊಟ್ಟಿಯ ಗಂಟು ಬಿಚ್ಚಿದರು. ಶೇಂಗಾ ಪುಡಿಯ ವಾಸನೆ ಕಾರಿನ ತುಂಬ ಹಬ್ಬಿತು. "ಒಂದು ರೊಟ್ಟಿ ಕೊಡ್ಲೇನ್ರಿ?" ಎಂದು ಅವರು ಕೇಳಿದರು. ನನ್ನ ಹೊಟ್ಟೆ ಹೂಂ ಅನ್ನುವ ಮೊದಲೇ ನನ್ನ ಬಾಯಿ, "ಬ್ಯಾಡ್ರಿ ಅಕ್ಕಾರ" ಎಂದುಬಿಟ್ಟಿತು. ಎಷ್ಟು ತಲೆಮಾರಿನ ಬಾಯಿ ಅದು, ನನ್ನ ಮಾತು ಎಲ್ಲಿ ಕೇಳುತ್ತದೆ? ಇರಲಿ, ಇನ್ನೂ ಎರಡು ಸಲವಿದೆಯಲ್ಲ ಎಂದು ಧೈರ್ಯ ತಂದುಕೊಂಡು ಕೂತೆ. ಅಕ್ಕ ಮತ್ತೆ ಬಾಯಿ ತೆರೆದರು. ಮುಂದಿನ ಸೀಟಿನಿಂದ ಭಾವ ತಿರುಗಿ ನೋಡಿದರು.

"ಸುಮ್ಮನಿರು, ಅವರನ್ನ ಕಾಡಬ್ಯಾಡ. ಅಳಿಯಾರಿಗೆ ಎರಡನೇ ಸಲ ಕೇಳಿದ್ರ ಸೇರೂದಿಲ್ಲ. ಅವರದು ಒಂದ ಮಾತು."

ಅಕ್ಕ ಗಂಟು ಕಟ್ಟಿದರು. ಶಶಿಕಲಾ ಕಿಟಕಿಯ ಕಡೆ ಮುಖ ತಿರುಗಿಸಿದಳು, ತಡೆಹಿಡಿದ ನಗುವಿಗೆ ಅವಳ ಭುಜ ಕುಲುಕುತ್ತಿತ್ತು. ತುಮಕೂರು ದಾಟಿತು, ಹಿರಿಯೂರು ದಾಟಿತು. ಚಳ್ಳಕೆರೆಯವರೆಗೂ ನಾನು ಎಚ್ಚರವಾಗಿಯೇ ಕೂತಿದ್ದೆ, ಯಾರಾದರೂ ಇನ್ನೊಂದು ಸಲ ಕೇಳಿಯಾರು ಎಂದು.