ಅಂಕಿಯ ಊರು ಕೇಳುವ ಮಾವ

ನನ್ನ ಸೋದರಮಾವನ ಎದುರು ಯಾವ ಕಾರಣಕ್ಕೂ ಒಂದು ಅಂಕಿಯನ್ನು ಬಾಯಿಬಿಟ್ಟು ಹೇಳಬೇಡಿ. ಹೇಳಿದಿರೋ, ಕೆಟ್ಟಿರಿ! ಮಾನ್ವಿಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಈ ಮಹಾನುಭಾವರು, ಬಸ್ಸಿನಲ್ಲಿ ಪಕ್ಕ ಕುಳಿತವರನ್ನು ನಾವು ಕೇಳುವಂತೆ, ಅಂಕಿಯನ್ನೂ ಮೊದಲು "ಯಾವೂರು?" ಎಂದು ಕೇಳುತ್ತಾರೆ.

ಒಮ್ಮೆ ಅವರಿಗೆ ಜ್ವರ ಬಂತು. "ನೂರಾ ಒಂದು ಅದ ರೀ," ಎಂದರು ಡಾಕ್ಟರು.

"ಯಾವೂರಿನ ನೂರಾ ಒಂದ್ರಿ? ನೂರಕ್ಕ ನೀರು ಕುದಿಯೋ ದೇಶದಾಗ ನಾ ಇಷ್ಟೊತ್ತಿಗೆ ಆವಿ ಆಗಬೇಕಿತ್ತಲ್ರೀ!"

ಜ್ವರ ಇವರಿಗೆ, ಬೆವರಿದ್ದು ಡಾಕ್ಟರು!

ನಾನೂ ನಗುತ್ತಿದ್ದೆ, ರಾಯಚೂರಿನ ಹತ್ತಿ ಮಿಲ್ಲೊಂದಕ್ಕೆ ಪ್ರೋಗ್ರಾಂ ಬರೆದುಕೊಡುವವರೆಗೆ. ಅದು ನನ್ನ ಮೊದಲ ಸ್ವಂತ ಕೆಲಸ. ತೇವ ಅಳೆಯುವ ಯಂತ್ರ, ತೂಕದ ಯಂತ್ರ ಎರಡೂ ಕಳಿಸುವ ಅಂಕಿಗಳನ್ನು ಓದಿ, ಹತ್ತಿ ಪಾಸೋ ಫೇಲೋ ಹೇಳಬೇಕು. 4,250 ಎಂದು ಬರೆಯುವಾಗ ನಮ್ಮಲ್ಲಿ ಅಲ್ಪವಿರಾಮ ಬರೀ ಅಲಂಕಾರ ತಾನೇ? ಕಂಡಕಂಡ ಅಲ್ಪವಿರಾಮವನ್ನೆಲ್ಲ ಕಿತ್ತುಹಾಕುವ ಒಂದು ಸಾಲು ಬರೆದು ಬೀಗಿದೆ. ತೇವದ ಯಂತ್ರ ಜರ್ಮನಿಯದು. ಅಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಇಡುತ್ತಾರೆಂದು ಯಾರಿಗೆ ಗೊತ್ತಿತ್ತು? ಅದು ಕಳಿಸಿದ 8,5 ನನ್ನ ಕೈಯಲ್ಲಿ 85 ಆಯಿತು. ದೇವದುರ್ಗದಿಂದ ಬಂದ ಒಣ ಹತ್ತಿಯಲ್ಲಿ ನೂರಕ್ಕೆ ಎಂಬತ್ತೈದು ಪಾಲು ನೀರು!

"ಏನವಾ, ಹತ್ತಿ ತಂದಾರೋ, ಕೃಷ್ಣಾ ನದಿ ತಂದಾರೋ?" ಎಂದರು ಮಾಲೀಕರು. "ಸಂಜಿತನಾ ನೋಡ್ತೀನಿ. ಆಗಲಿಲ್ಲಂದ್ರ ನಿನ್ನ ಪ್ರೋಗ್ರಾಮಿಗೆ ಖುದಾ ಹಾಫಿಜ್!"

ಗಾಬರಿಯಲ್ಲಿ ಅಲ್ಪವಿರಾಮಗಳನ್ನೆಲ್ಲ ಚುಕ್ಕಿ ಮಾಡಿದೆ. ತೇವ ಸರಿಹೋಯಿತು. ಆದರೆ ನಮ್ಮೂರ ತೂಕದ ಯಂತ್ರದ 4,250 ಕಿಲೋ ಈಗ ನಾಲ್ಕೂಕಾಲು ಕಿಲೋ! ಲಾರಿ ತುಂಬ ಹತ್ತಿ, ತೂಕ ಒಂದು ಕೈಚೀಲದ್ದು! ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅಳು ಬಂತು.

ನನ್ನ ಗೆಲುವು ನೋಡಲೆಂದೇ ಮಾನ್ವಿಯಿಂದ ಬಂದು ಹತ್ತಿ ತುಂಬಿದ ದೊಡ್ಡ ಚೀಲದ, ಅಂದರೆ ಅಂಡಿಗೆಯ, ಮೇಲೆ ಕುಳಿತಿದ್ದ ಮಾವ ಕೇಳಿದರು, "ಊರು ಕೇಳಿದೇನವಾ?"

"ಯಾರ ಊರು ಮಾವಾ?"

"ಆ ಅಂಕಿದು! ಬರೇ ಮಾರಿ ನೋಡಿದ್ರ ಹೆಂಗ ಗೊತ್ತಾಗ್ತದ? ಯಾವ ಯಂತ್ರದಿಂದ ಬಂತು, ಅವರ ಕಡಿ ಹೆಂಗ ಬರೀತಾರ, ಮೊದಲು ಕೇಳು. ಆಮ್ಯಾಲ ಓದು."

"ಊರೇ ಗೊತ್ತಿಲ್ಲದ್ದು ಬಂದ್ರ?"

"ಹೊರಗ ಹಾಕಬ್ಯಾಡ, ಊಹಾನೂ ಮಾಡಬ್ಯಾಡ. ಕುಂಡ್ರಿಸಿಕೊಂಡು ಕೇಳು."

ಹತ್ತೇ ಹತ್ತು ಸಾಲು ಬರೆದೆ. ಜರ್ಮನಿಯ ಅಂಕಿಯನ್ನು ಜರ್ಮನಿಯವರಂತೆ, ನಮ್ಮದನ್ನು ನಮ್ಮವರಂತೆ ಓದುವ ಸಾಲು. ತೇವ ಎಂಟೂವರೆ, ತೂಕ ನಾಲ್ಕು ಸಾವಿರದ ಇನ್ನೂರೈವತ್ತು, ದೇವದುರ್ಗದ ಹತ್ತಿ ಪಾಸು! ಹಮಾಲರು ಸಿಳ್ಳೆ ಹೊಡೆದರು. ಮಾಲೀಕರು ಎಲ್ಲರಿಗೂ ಚಹಾ ತರಿಸಿದರು.

"ಮಾಸ್ತರ್, ನಿಮ್ಮ ತಲಿ ಯಾವೂರಿಂದ್ರೀ?"

"ಮಾನ್ವಿದು!" ಮಾವನ ಎದೆ ಒಂದು ಗೇಣು ಉಬ್ಬಿತ್ತು.

ಸಂಜೆಯ ಬಸ್ಸಿನಲ್ಲಿ ಅವರು ತೂಕಡಿಸುತ್ತಿದ್ದಾಗ ನನಗೆ ನೆನಪಾಯಿತು. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ. ಇವಳನ್ನು ಯಾರ ಮನೆಗೆ ಕಳಿಸುವುದೆಂದು ಬಂಧುಗಳೆಲ್ಲ ನನ್ನೆದುರೇ ವಾದಿಸುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದ್ದು ಈ ಮನುಷ್ಯ ಒಬ್ಬರೇ: "ಯಾವೂರವಾ ನಿಂದು?"

"ಗೊತ್ತಿಲ್ಲ," ಎಂದಿದ್ದೆ.

ಪಕ್ಕದ ಸೀಟಿನ ಮುದುಕಿ ನನ್ನ ಕಡೆ ತಿರುಗಿದಳು. "ಯಾವೂರಾಕಿ ಬೇ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಮಾನ್ವಿ. ನನ್ನ ಮಗಳು."