ಗೋಡೆಯಾಚೆಯ ಕೀಬೋರ್ಡು

ಎಲ್ಲದಕ್ಕೂ ಮೂಲ ಒಂದು ಲೋಟ ಕಾಫಿ. ರಜೆ ಅರ್ಜಿ ಬರೆಯಲು ಕೂತ ಗುಮಾಸ್ತ, ಮೊಣಕೈ ತಾಗಿಸಿ, ಅಷ್ಟನ್ನೂ ಕೀಬೋರ್ಡಿಗೆ ಕುಡಿಸಿಬಿಟ್ಟ. ನಾಳೆ ಬೆಳಿಗ್ಗೆ ಸಂಸಾರಸಮೇತ ಸಮುದ್ರ ನೋಡಲು ಹೊರಡಬೇಕು. "ಈ ಸಲಾನೂ ರಜೆ ಇಲ್ಲ ಅಂದ್ರೆ ನಾವು ಹೋಗ್ತೀವಿ. ನೀವು ಆಫೀಸಲ್ಲೇ ಸಂಸಾರ ಮಾಡ್ಕೊಳ್ಳಿ," ಎಂದು ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಳು.

ಕಪಾಟಿನಲ್ಲಿ ತೀರಿಹೋದ ಕ್ಯಾಷಿಯರನ ಕೀಬೋರ್ಡಿತ್ತು. ರಜೆ ರಜೆ ಎಂದು ಹಲುಬುತ್ತಲೇ ಪಕ್ಕದ ಕೋಣೆಯ ಕುರ್ಚಿಯಲ್ಲಿ ಪ್ರಾಣ ಬಿಟ್ಟವನು, ಪಾಪ. ಗುಮಾಸ್ತ ಧೂಳು ಊದಿ, ಮೇಜಿನ ಕೆಳಗೆ ತಡಕಾಡಿ, ಸಿಕ್ಕಿದ ತೂತಿಗೆ ಅದನ್ನು ಸಿಕ್ಕಿಸಿದ. 'ನನಗೆ ರಜೆ ಬೇಕು' ಎಂದು ಒತ್ತಿದ. ಪರದೆಯ ಮೇಲೆ ಒಂದಕ್ಷರವೂ ಇಲ್ಲ. ಮತ್ತೆ ಕುಟ್ಟಿದ. ಊಹೂಂ.

ಗೋಡೆಯಾಚೆ ಯಾರೋ ಕಿಟಾರನೆ ಕಿರುಚಿದರು.

ಆ ಕೋಣೆಯಲ್ಲೀಗ ಮ್ಯಾನೇಜರ್ ಕೂರುತ್ತಿದ್ದರು. ಗುಮಾಸ್ತ ಓಡಿಹೋದಾಗ ಅವರು ಗೋಡೆಗಂಟಿಕೊಂಡು ನಿಂತಿದ್ದರು. ಖಾಲಿ ಕುರ್ಚಿ ಇನ್ನೂ ತೂಗುತ್ತಿತ್ತು. ಪರದೆಯ ಮೇಲೆ 'ನನಗೆ ರಜೆ ಬೇಕು' ಎಂದು ಎರಡು ಸಾಲು.

"ನಾನು ಮುಟ್ಟೇ ಇಲ್ಲ ಕಣ್ರೀ! ತಾನಾಗೇ ಮೂಡ್ತು!"

"ಅವನೇ, ಆ ಕ್ಯಾಷಿಯರ್," ಎಂದ ಹಿಂದೆಯೇ ಓಡಿಬಂದ ಜವಾನ, ದನಿ ತಗ್ಗಿಸಿ. "ಬದುಕಿದ್ದಾಗ ನೀವು ಕೊಡಲಿಲ್ಲ. ಈಗ ಕೇಳೋಕೆ ಬಂದಿದಾನೆ."

ಗುಮಾಸ್ತನ ಬೆನ್ನಲ್ಲೂ ಚಳಿ ಹರಿಯಿತು. ಹೊರಗೆ ಬಂದು ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದ.

"ದೆವ್ವಾನೂ ಇಲ್ಲ, ಪಿಶಾಚೀನೂ ಇಲ್ಲ!" ಅವನು ನಕ್ಕ. "ನಿಮಗೂ ಮ್ಯಾನೇಜರಿಗೂ ಇರೋದು ಒಂದೇ ಕಂಪ್ಯೂಟರ್ ಡಬ್ಬ, ಪರದೆ ಮಾತ್ರ ಎರಡು. ಬಲಗಡೆ ತೂತು ಆ ಕೋಣೇದು. ಅದಕ್ಕೆ ಸಿಕ್ಕಿಸಿದ ಕೀಬೋರ್ಡು ಎಲ್ಲೇ ಇರಲಿ, ಆ ಕೋಣೇಲಿ ಲಾಗಿನ್ ಆದೋರು ಯಾರೋ ಅವರಿಗೇ ಅದನ್ನ ಒಪ್ಪಿಸುತ್ತೆ, ಈ ಡಬ್ಬ ನಡೆಸೋ ಲಿನಕ್ಸ್ ಅನ್ನೋ ಸಾಫ್ಟ್‌ವೇರ್. ಎಡಗಡೆ ಹಾಕ್ಕೊಳ್ಳಿ, ಸರಿಹೋಗುತ್ತೆ."

ಗುಮಾಸ್ತ ಎಡಗಡೆ ಹಾಕಿಕೊಳ್ಳಲಿಲ್ಲ. ಆಚೀಚೆ ನೋಡಿ ಮೆಲ್ಲಗೆ ಒತ್ತಿದ: 'ನನಗಂತೂ ಸಿಗಲಿಲ್ಲ. ಆ ಬಡ ಗುಮಾಸ್ತನಿಗಾದರೂ ಕೊಡು.'

ಮ್ಯಾನೇಜರ್ ಬಿದ್ದಂಬೀಳ ಓಡಿಬಂದರು. "ತಗೊಳ್ಳಪ್ಪಾ ನಿನ್ನ ರಜೆ! ಈಗಲೇ ಆದೇಶ ಬರೀತೀನಿ. ಆ ಕೋಣೆಗೆ ಮಾತ್ರ ಕಾಲಿಡಲ್ಲ. ಇವತ್ತಿನ ಕೆಲಸ ಮುಗಿಸೋರ್ಯಾರು?"

"ನಾನಿದೀನಲ್ಲ ಸಾರ್! ನೀವು ನನ್ನ ಜಾಗದಲ್ಲಿ ಕೂತ್ಕೊಳ್ಳಿ. ಸತ್ತೋರಿಗೆಲ್ಲ ಹೆದರಿದ್ರೆ ಆಗುತ್ತಾ?"

ಇಡೀ ಆಫೀಸು ಬಾಯಿ ಬಿಟ್ಟುಕೊಂಡು ನೋಡುತ್ತಿರಲು ಗುಮಾಸ್ತ ಎದೆ ಸೆಟೆಸಿ ಒಳಗೆ ಹೋದ. ಮ್ಯಾನೇಜರರನ್ನು ಲಾಗೌಟ್ ಮಾಡಿ ತಾನು ಲಾಗಿನ್ ಆದ. ಕೋಣೆ ನೆಲಮಾಳಿಗೆಯಂತೆ ತಣ್ಣಗಿತ್ತು. ಹೊಸ ಪುಟ ತೆರೆದು ಕೈ ಉಜ್ಜಿಕೊಂಡ.

ಪುಟದ ಮೇಲೆ ಅಕ್ಷರವೊಂದು ತಾನಾಗೇ ಮೂಡಿತು. ಇನ್ನೊಂದು. ಮತ್ತೊಂದು.

ಅವನೆದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು. ಬಲಗಡೆಯ ತೂತಿನ ಕೀಬೋರ್ಡಲ್ಲಿ, ತಲೆ ಎತ್ತದೆ, ಒಂದೇ ಬೆರಳಲ್ಲಿ ಮ್ಯಾನೇಜರ್ ಆದೇಶ ಕುಟ್ಟುತ್ತಿದ್ದಾರೆ. ಇಲ್ಲಿ ಲಾಗಿನ್ ಆದವನು ಈಗ ತಾನೇ ಅಲ್ಲವೆ! ನಗುತ್ತ ಓದಿದ.

'ಗುಮಾಸ್ತನ ರಜೆ' ಎಂದು ಮೂಡಿ ನಿಂತಿತು. ಗೋಡೆಯಾಚೆ ಜವಾನ ಏನೋ ಪಿಸುಗುಟ್ಟಿದ. ಮತ್ತೆ ಮೂಡಿತು:

'ರದ್ದು. ಇವನು ಒಳಗೆ ಕೂತ ಮೇಲೆ ಆ ಆತ್ಮ ತೆಪ್ಪಗಾಗಿದೆ. ಇನ್ನು ನಿವೃತ್ತಿಯವರೆಗೂ ಇವನ ಜಾಗ ಅದೇ ಕುರ್ಚಿ. ಒಂದು ದಿನವೂ ಬಿಟ್ಟೇಳಕೂಡದು.'

ಗುಮಾಸ್ತ ಕೂಗಲೆಂದು ಕುರ್ಚಿಯಿಂದ ಎದ್ದ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಸಂಸಾರ ಅವನನ್ನು ಬಿಟ್ಟು ಸಮುದ್ರಕ್ಕೆ ಹೋಗುತ್ತದೆ. ತಲೆ ಮೇಲೆ ಕೈಹೊತ್ತು, ತೂಗುವ ಕುರ್ಚಿಯಲ್ಲಿ ಕುಸಿದು, "ರಜೆ... ನನಗೆ ರಜೆ..." ಎಂದು ಹಲುಬತೊಡಗಿದ.

ಬಾಗಿಲ ಸಂದಿಯಲ್ಲಿ ಇಣುಕಿದ ಜವಾನ ಹೌಹಾರಿದ.

"ಸಾರ್, ಬಾಗಿಲು ಹಾಕ್ಬಿಡ್ಲಾ? ಕ್ಯಾಷಿಯರ್ ಇವನ ಮೈಮೇಲೇ ಬಂದ್ಬಿಟ್ಟಿದಾನೆ!"