ಸಾಂಗ್ಲಿಯಿಂದ ನಾ ತರಲಾರದ ಪಿಸ್ತೂಲು

ಪಿಸ್ತೂಲು ಕೊಳ್ಳೂದು ಅಂದ್ರ ಏನ್ ದೊಡ್ಡ ಮಾತು? ಲೈಸೆನ್ಸ್ ಐತಿ, ಕಿಸೇದಾಗ ರೊಕ್ಕ ಐತಿ, ಊರಾಗ ಅಂಗಡಿ ಐತಿ. ಹೋಗೂದು, ತರೂದು. ನಾ ಇಷ್ಟ ತಿಳ್ಕೊಂಡಿದ್ದೆ!

ನಾ ಬನಹಟ್ಟಿ ನೇಕಾರ. ಎಂಟು ಪವರ್‌ಲೂಮ್ ಅದಾವು. ಸೀರಿ ನೇಯೂದು, ಸೀರಿ ಮಾರೂದು ಬಿಟ್ರ ಯಾರ ಮ್ಯಾಲೂ ಕೈ ಎತ್ತಿದಾಂವ ಅಲ್ಲ. ಗ್ವಾಡಿ ಮ್ಯಾಲ ಹಲ್ಲಿ ಕಂಡ್ರ ನಮ್ಮಾಕಿನ್ನ ಕರೀತೇನಿ. ಆದ್ರ ಜಮಖಂಡ್ಯಾಗ ನನ್ನ ಸಡ್ಡಕ ಅದಾನಲ್ಲ, ನಮ್ಮಾಕಿ ಅಕ್ಕನ ಗಂಡ, ಅವನ ಸ್ವಂಟದಾಗ ರಿವಾಲ್ವರ್ ಐತಿ. ಯಾರ ಮದುವ್ಯಾಗ ಬಂದ್ರೂ "ಬರ್ರಿ ಸಾವಕಾರ್ರ, ಕುಂದರ್ರಿ" ಅಂತ ಮೊದಲ್ನೇ ಸಾಲಿನ ಕುರ್ಚಿ. ಆ ಕುರ್ಚ್ಯಾಗ ಮೊದಲ ಕುಂತಾಂವ ನಾನ ಇರ್ತೇನಿ. "ಸ್ವಲ್ಪ ಏಳ್ರಿ, ಸಾವಕಾರ್ರು ಬಂದ್ರು" ಅಂತ ನನ್ನ ಎಬ್ಬಸ್ತಾರ!

ಒಂದಲ್ಲ ಎರಡಲ್ಲ, ಏಳು ಮದುವ್ಯಾಗ ಎದ್ದೆ. ಎಂಟನೇದಕ್ಕ ಪಿಸ್ತೂಲ್ ಲೈಸೆನ್ಸಿಗೆ ಅರ್ಜಿ ಹಾಕಿದೆ. "ಅರ್ಜಿದಾರನು ವ್ಯಾಪಾರ ನಿಮಿತ್ತ ಏಕಾಂಗಿಯಾಗಿ ಸಂಚರಿಸುವುದರಿಂದ ಸದರಿಯವರ ಜೀವಕ್ಕೆ ಅಪಾಯವಿರುತ್ತದೆ" ಅಂತ ಬರಸಿದೆ. ತಿರುಗಿ ತಿರುಗಿ ಚಪ್ಪಲಿ ಸವದ ಮ್ಯಾಲ ಲೈಸೆನ್ಸ್ ಬಂತು. ಗೊತ್ತು ಮಾಡಿದ ಅವಧಿಯೊಳಗ ಪಿಸ್ತೂಲು ಕೊಂಡು ಅದರಾಗ ನಮೂದು ಮಾಡಸಲಿಲ್ಲಂದ್ರ ಲೈಸೆನ್ಸ್ ರದ್ದು ಅಂದ್ರು. ಹೊಸಾದರ ರೇಟ್ ಕೇಳಿ ಗಾಬರಿ ಆಗಿ, ಇವತ್ತ ನಾಳೆ ಅಂತ ದಿನಾ ದೂಡಿದೆ. ಕಡೀಕ ಉಳದದ್ದು ಒಂದ ತಿಂಗಳು.

ಆವಾಗ ಲೂಮಿಗೆ ಲಾಳಿ ತರಾಕ ಇಚಲಕರಂಜಿಗೆ ಹೋಗಿದ್ದೆ. ಲಾಳಿ ಅಂದ್ರ ನೂಲು ಹೊತ್ಕೊಂಡು ಮಗ್ಗದಾಗ ಅತ್ತಿಂದಿತ್ತ ಓಡೂ ಕಟಗಿ, ಎರಡೂ ತುದಿಗೆ ಚೂಪನ್ನ ಕಬ್ಬಿಣ ಇರ್ತೈತಿ. ಲಾಳಿ ಅಂಗಡ್ಯಾಂವ ಅಂದ: "ಸಾಂಗ್ಲ್ಯಾಗ ಲೈಸೆನ್ಸ್ ಇದ್ದ ಅಂಗಡಿ ಐತ್ರಿ. ಸೆಕೆಂಡ್ ಹ್ಯಾಂಡ್ ಛಲೋ ಮಾಲು ಸಿಗತೈತಿ." ಇಷ್ಟು ದೂರ ಬಂದೇನಿ, ಅಷ್ಟು ದೂರ ಹೋಗಲಾರೆನೇನು? ಲಾಳಿ ಚೀಲಾ ಹೆಗಲಿಗೆ ಹಾಕ್ಕೊಂಡು ಸಾಂಗ್ಲಿ ಬಸ್ ಹತ್ತಿದೆ.

ಅಂಗಡಿ ಮಾಲಕರು ವಯಸ್ಸಾದಾವರು. ಲೈಸೆನ್ಸ್ ಮ್ಯಾಲಿನ ಫೋಟೋ ನೋಡಿ, ನನ್ನ ಮಾರಿ ನೋಡಿ, ಹಳೇ ರಿವಾಲ್ವರ್ ಒಂದು ಖಾಲಿ ಮಾಡಿ ಕೈಯಾಗ ಕೊಟ್ರು. ನಾ ಮೂತಿ ನನ್ನ ಕಡೇನ ಮಾಡಿ ಹಿಡದೆ, ಅವರು ತಿರುವಿ ಕೊಟ್ರು. ಗಟ್ಟಿ ಹಿಡ್ಯಾಕಂತ ಇನ್ನೊಂದು ಕೈ ಕೊಟ್ಟೆ. ಹಂಗ ಅವರ ಕಡಿಂದ ಒಂದು ಫೋಟೋ ಹೊಡಸ್ಕೊಂಡು ನಮ್ಮಾಕಿಗೆ ಕಳಿಸಿದೆ. ಕೆಳಗ ಬರದೆ: "ಸಂಜಿಕ ಬರ್ತೇವಿ. ಇಬ್ಬರೂ."

ಆಮ್ಯಾಲ ಮಾಲಕರು ಚಾಳೀಸು ಏರಿಸಿ ಲೈಸೆನ್ಸ್ ಪೂರಾ ಓದಿದ್ರು.

"ಸಾವಕಾರ್ರ," ಅಂದ್ರು. ನನ್ನ! ಎದಿ ಉಬ್ಬಿತು. "ಇದು ಕರ್ನಾಟಕಕ್ಕ ಅಷ್ಟ ನಡೀತದ. ಇದು ಮಹಾರಾಷ್ಟ್ರ. ನಿಮ್ಮ ಡಿಸಿ ಆಫೀಸಿಂದ ಎನ್‌ಒಸಿ ತರ್ರಿ, ಆಮ್ಯಾಲ ಮಾತಾಡೋಣ."

ಸಣ್ಣ ಕೂಸಿನ ಕೈಯಾಗಿಂದ ಕತ್ತರಿ ಕಸ್ಗೊಂಡಂಗ ರಿವಾಲ್ವರ್ ಇಸ್ಕೊಂಡು ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ರು.

ಮನಿಗೆ ಬರಿಗೈಲೆ ಹ್ಯಾಂಗ ಹೋಗೂದು? ಅಲ್ಲೇ ಗ್ವಾಡಿಗೆ ಚಮಡಾದ ಚೀಲಾ ತೂಗಾಕತ್ತಿತ್ತು, ಸ್ವಂಟಕ್ಕ ಕಟಗೊಂಡು ಪಿಸ್ತೂಲು ಇಡೂವಂಥಾದ್ದು. "ಇದಕ್ಕೂ ಲೈಸೆನ್ಸ್ ಬೇಕೇನ್ರಿ?" ಅಂದೆ. "ಬ್ಯಾಡ" ಅಂದ್ರು. ಕೊಂಡು, ಕಟಗೊಂಡೆ. ಖಾಲಿ ಚೀಲಾ ಜೋತು ಬಿತ್ತು. ಗತ್ತು ಬರಬೇಕಲ್ಲ? ಒಂದು ಲಾಳಿ ತಗದು ಒಳಗ ತುರುಕಿದೆ. ಅರ್ಧಾ ಒಳಗ, ಅರ್ಧಾ ಹೊರಗ. ಮ್ಯಾಲ ಅಂಗಿ ಬಿಟ್ಟೆ. ಖರೇ ಹೇಳ್ತೇನಿ, ಬಸ್ಸಿನ್ಯಾಗ ಕಂಡಕ್ಟರ್ ನನಗ ಚಿಲ್ಲರ ಕೇಳಲಿಲ್ಲ!

ಗಡಿ ಚೆಕ್‌ಪೋಸ್ಟ್‌ದಾಗ ಬಸ್ ನಿಂತಿತು. ಇಲೆಕ್ಷನ್ ಚೆಕಿಂಗ್. ಪೊಲೀಸಪ್ಪ ಸಾಲು ಹಿಡದು ನೋಡ್ಕೋತ ಬಂದು ನನ್ನ ಸ್ವಂಟ ನೋಡಿ ನಿಂತ.

"ಏನೈತಿ ಅದು?"

"ಲಾಳಿರೀ."

"ಇಳಿ ಕೆಳಗ!"

ನಾ ಮುಂದಿನ ಸೀಟು ಗಟ್ಟಿ ಹಿಡ್ಕೊಂಡೆ, ಅಂವ ಬಿಡಿಸಿ ಇಳಿಸಿದ. ಮೇಜಿನ ಮ್ಯಾಲ ಚಮಡಾದ ಚೀಲಾ, ಬಾಜೂಕ ಲಾಳಿ. ಪಿಎಸ್‌ಐ ಸಾಹೇಬ್ರು ಎರಡನ್ನೂ ತಿರುಗಿಸಿ ನೋಡಿದ್ರು.

"ಪಿಸ್ತೂಲು ಎಲ್ಲಿ ಒಗದಿ?"

"ಪಿಸ್ತೂಲು ಇಲ್ಲರೀ ಸಾಹೇಬ್ರ! ಕೊಂಡೇ ಇಲ್ಲ!"

"ಪಿಸ್ತೂಲು ಇಲ್ಲದಾಂವ ಚೀಲಾ ಯಾಕ ಕಟಗೊಂಡಿ?"

ಇದಕ್ಕ ಉತ್ತರ ಮದುವಿ ಕುರ್ಚಿಯಿಂದ ಚಾಲೂ ಮಾಡಬೇಕು. ಅಷ್ಟರಾಗ ಪೊಲೀಸಪ್ಪ ನನ್ನ ಮೊಬೈಲ್ ತಗಸಿ ನೋಡಿದ. ಫೋಟೋದಾಗ ನಾನು. ಎರಡೂ ಕೈಯಾಗ, ಅದು.

"ಸಾಹೇಬ್ರ, 'ಇಬ್ಬರೂ ಬರ್ತೇವಿ' ಅಂತ ಬರದಾನ್ರಿ. ಇನ್ನೊಬ್ಬಾಂವ ತಪ್ಪಿಸ್ಕೊಂಡಾನ!"

ಬಸ್ಸಿನ ಮಂದೀನೆಲ್ಲಾ ಇಳಿಸಿದ್ರು. ಗಂಟು ಮೂಟಿ ಬಿಚ್ಚಿದ್ರು. ಒಬ್ಬಾಕಿ ಮುದುಕಿ ಶೇಂಗಾದ ಚೀಲಾ ಕಟ್ಟಿಕೋತ, "ನಿನ್ನ ಬಾಯಾಗ ಮಣ್ಣ ಹಾಕ" ಅಂತ ನನಗ ಬೈದಳು. ಏನೂ ಸಿಗಲಿಲ್ಲ. ಬಸ್ ಹೋತು, ನಾ ಉಳದೆ. ಲೈಸೆನ್ಸ್ ತೋರಿಸಿದೆ. ಸಾಹೇಬ್ರಿಗೆ ಮತ್ತಷ್ಟು ಸಿಟ್ಟು ಬಂತು. "ಇಲೆಕ್ಷನ್ ಅಂತ ಮಂದಿ ಇದ್ದ ಪಿಸ್ತೂಲು ತಂದು ಠಾಣಾಕ್ಕ ಒಪ್ಪಸಾಕತ್ತಾರ. ನೀ ಈಗ ತರಾಕ ಹೊಂಟಿಯೇನಲೇ?"

ಸಾಂಗ್ಲಿ ಅಂಗಡಿಗೆ ಫೋನ್ ಹಚ್ಚಿದ್ರ ಯಾರೂ ಎತ್ತವಲ್ರು. ಮಧ್ಯಾಹ್ನ ಒಂದರಿಂದ ನಾಕರ ತನಕ ಬಂದ್ ಅಂತ ಚೀಲದ ಬಿಲ್ಲಿನ ಮ್ಯಾಲ ಬರದಿತ್ತು! "ನಮ್ಮಾಕಿನ್ನ ಕೇಳ್ರಿ ಸಾಹೇಬ್ರ" ಅಂದೆ. ನನಗ ಯಾಕ ಆ ಬುದ್ಧಿ ಬಂತೋ ಶಿವನ ಬಲ್ಲ. ಪೊಲೀಸಪ್ಪ ನನ್ನ ಫೋನಿಂದನ ಹಚ್ಚಿ, ಸ್ಪೀಕರ್ ಹಾಕಿ, ನನಗ ಬಾಯಿ ಮುಚ್ಚು ಅಂತ ಸನ್ನಿ ಮಾಡಿ ಗುಡುಗಿದ:

"ನಿನ್ನ ಗಂಡ ನಮ್ಮ ಕೈಯಾಗ ಸಿಕ್ಕಾನ. ಅವನ ಕಡೆ ಪಿಸ್ತೂಲು ಐತೋ, ಇಲ್ಲೋ?"

ಆ ಕಡೆ ತಾಟು ಬಿದ್ದ ಸಪ್ಪಳ ಆತು. ಆಮ್ಯಾಲ ನಮ್ಮಾಕಿ ಧ್ವನಿ ಖಣ್ ಅಂತ ಬಂತು.

"ಐತಿ! ಆರು ಗುಂಡು ತುಂಬೇತಿ!"

"ಅಯ್ಯೋ ಇಲ್ಲಲೇ!" ಅಂದೆ. ಪೊಲೀಸಪ್ಪ ನನ್ನ ಬಾಯಿ ಒತ್ತಿ ಹಿಡದ.

"ಅವರಿಗೆ ಸಿಟ್ಟು ಬಂದ್ರ ಹಿಂದ ಮುಂದ ನೋಡೂದಿಲ್ಲ! ಹೋದ ವರ್ಷ ಒಬ್ಬಾಂವಗ ಕಾಲಿಗೆ ಹೊಡದಾರ!"

ಫೋನ್ ಕಟ್ ಆತು. ಸಾಹೇಬ್ರು ಹಾಳಿ ತಗೊಂಡ್ರು, ಪೆನ್ ತಗದ್ರು. "ಯಾರ ಕಾಲಿಗೆ?"

ನಾ ಅತ್ತೆ. ಮುಚ್ಚುಮರಿ ಯಾಕ, ಖರೇನ ಅತ್ತೆ. ಜೈಲು ಕಂಡಿತು, ಪೇಪರಿನ್ಯಾಗ ಫೋಟೋ ಕಂಡಿತು, ಆ ಫೋಟೋ ನೋಡಿ ನಗೂ ಸಡ್ಡಕ ಕಂಡ. ನಾಕರ ತನಕ ಆ ಬೆಂಚಿನ ಮ್ಯಾಲ ಎಷ್ಟು ದೇವರಿಗೆ ಹರಕಿ ಹೊತ್ತೆನೋ ಲೆಕ್ಕ ಇಲ್ಲ.

ನಾಕಕ್ಕ ಅಂಗಡಿ ಮಾಲಕರು ಫೋನ್ ಎತ್ತಿದ್ರು. ವಿಡಿಯೋದಾಗ ಕಪಾಟು ತಗದು ರಿವಾಲ್ವರ್ ತೋರಿಸಿದ್ರು, ನಂಬರ್ ಓದಿದ್ರು. "ಈ ಮನಷ್ಯಾಗ ಹಿಡ್ಯಾಕ ಕೊಟ್ಟು ನನಗ ಎದಿ ಹೊಡಕೊಳ್ಳಾಕತ್ತಿತ್ರಿ ಸಾಹೇಬ್ರ. ಮಾರೂದು ಎಲ್ಲಿ ಬಂತು!" ಪೊಲೀಸಪ್ಪ ಗ್ವಾಡಿ ಕಡೆ ತಿರುಗಿ ನಕ್ಕ. "ನನ್ನ ಬಳಿ ಯಾವುದೇ ಪಿಸ್ತೂಲು ಇರುವುದಿಲ್ಲ, ಒಂದು ಲಾಳಿ ಮಾತ್ರ ಇರುತ್ತದೆ, ನಾನು ಯಾರ ಕಾಲಿಗೂ ಹೊಡೆದಿರುವುದಿಲ್ಲ" ಅಂತ ಬರಸ್ಕೊಂಡು, ಸಹಿ ಹಾಕಿಸಿ ಬಿಟ್ರು.

ದಾರಿ ತುಂಬ ಸಿಟ್ಟು ಕುದೀತು. ಮನಿ ಮುಟ್ಟಿದ್ರ ನಮ್ಮಾಕಿ ಕಟ್ಟಿ ಮ್ಯಾಲ ಕುಂತಿದ್ದಳು. ಕಣ್ಣು ಅತ್ತು ಅತ್ತು ಬಾತಿದ್ವು.

"ಏನ ಹೇಳ್ದಿ ನೀ? ಯಾರ ಕಾಲಿಗೆ ಹೊಡದೇನಿ ನಾ? ಜೈಲಿಗೆ ಹೊಂಟಿದ್ದೆ!"

"ಅವರು ಪೊಲೀಸರು ಅಂತ ನನಗೇನ್ ಗೊತ್ರೀ? 'ನಿನ್ನ ಗಂಡ ನಮ್ಮ ಕೈಯಾಗ ಸಿಕ್ಕಾನ' ಅಂದ್ರು. ಕಳ್ಳರು ಹಿಡದಾರ ಅನ್ಕೊಂಡೆ. ಪಿಸ್ತೂಲು ಐತಿ ಅಂದ್ರ ಹೆದರಿ ಬಿಟ್ಟು ಕಳಸ್ಯಾರು ಅಂತ..." ಆಕಿ ಸೆರಗಿಲೆ ಕಣ್ಣು ಒರಸ್ಕೊಂಡಳು.

ನನ್ನ ಸಿಟ್ಟು ಎಲ್ಲಿ ಹೋತೋ. ಬಾಜೂಕ ಕುಂತೆ. ಇಪ್ಪತ್ತು ವರ್ಷದ ಸಂಸಾರದಾಗ ನನ್ನ ಸಲುವಾಗಿ ಇಷ್ಟು ದೊಡ್ಡ ಸುಳ್ಳು ಯಾರೂ ಹೇಳಿರಲಿಲ್ಲ. ಆ ತಿಂಗಳು ಲೈಸೆನ್ಸಿನ ಅವಧಿ ಮುಗೀತು. ಎನ್‌ಒಸಿ ತರಾಕ ನಾ ಹೋಗಲಿಲ್ಲ. ನಾ ಕೊಳ್ಳಲಾರದ ಪಿಸ್ತೂಲನ್ನ ನನ್ನ ಜೀವಾ ಉಳಸಾಕಂತ ಆಕಿ ಮನ್ಯಾಗ ಕುಂತ ಒಮ್ಮೆ ಹಾರಿಸಿಬಿಟ್ಟಿದ್ದಳು. ಗುಂಡು ಬಡದದ್ದು ಮಾತ್ರ ನನಗ!